ಒಂಬತ್ತನೇ ತರಗತಿಗೇ ಎಸ್‌ಎಟಿ: ಬ್ಲೂಬುಕ್ ಆ್ಯಪ್ ಬಗ್ಗೆ ಒಬ್ಬ ಗಣಿತ ಟೀಚರ್ ಮಾತು

ಅಮೆರಿಕದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಈಗ ಒಂದು ಪ್ರಶ್ನೆ ತೀರಾ ಬೇಗ ಶುರುವಾಗುತ್ತಿದೆ: ಎಸ್‌ಎಟಿ ಯಾವಾಗ ಬರೆಸೋದು? ಅಲ್ಲಿನ ಕಾಲೇಜು ಪ್ರವೇಶಕ್ಕೆ ನೋಡುವ ಈ ಪರೀಕ್ಷೆಯನ್ನು ಹನ್ನೊಂದನೇ ತರಗತಿಯಲ್ಲಿ ಬರೆಯುವುದು ರೂಢಿ. ಆದರೆ ಒಂಬತ್ತಕ್ಕೇ ಬರೆಸಿದವರ ಸುದ್ದಿ ಸತ್ಯನಾರಾಯಣ ಪೂಜೆಯ ಊಟದಲ್ಲೂ ಕಿವಿಗೆ ಬೀಳುತ್ತದೆ, ಮನೆಗೆ ಬಂದ ಮೇಲೆ ಅಪ್ಪ ಅಮ್ಮನಿಗೆ ನಿದ್ದೆ ಬರುವುದಿಲ್ಲ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂಬತ್ತರಲ್ಲಿ ಆ ಪರೀಕ್ಷೆಯನ್ನು ಒಮ್ಮೆ ಬರೆಸಿ, ಒಳ್ಳೆಯದೇ. ಪರೀಕ್ಷಾ ಕೇಂದ್ರಕ್ಕೆ ಹೋಗುವುದು ಬೇಡ. ಮನೆಯ ಊಟದ ಮೇಜಿನ ಮೇಲೆ, ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನವರದೇ ಬ್ಲೂಬುಕ್ ಆ್ಯಪ್‌ನಲ್ಲಿ ಬರೆಸಿ. ಅದಕ್ಕೆ ಒಂದು ಡಾಲರ್ ಕೂಡ ಕೊಡಬೇಕಿಲ್ಲ.

ನಾನು ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಮಗಳ ಸಂಸಾರ ನ್ಯೂಜೆರ್ಸಿಯಲ್ಲಿದೆ. ಅಲ್ಲಿಗೆ ಹೋಗಿದ್ದಾಗ ಮೊಮ್ಮಗಳು ಒಂಬತ್ತನೇ ತರಗತಿಯಲ್ಲಿದ್ದಳು. "ಅಮ್ಮಾ, ನೀನು ಪಕ್ಕದಲ್ಲಿ ಕೂತ್ಕೊಂಡು ಒಂದ್ಸಲ ನೋಡು, ಇವಳಿಗೆ ಇದು ಆಗುತ್ತಾ ಅಂತ" ಎಂದು ಮಗಳು ಕೇಳಿದಳು. ಹಾಗಾಗಿ ಆ ಆ್ಯಪ್‌ನ ಒಂದೊಂದು ಪ್ರಶ್ನೆಯನ್ನೂ ಮೊಮ್ಮಗಳ ಜೊತೆ ಕೂತು ನೋಡಿದ್ದೇನೆ, ಕೆಲವನ್ನು ನನ್ನ ಹಾಳೆಯಲ್ಲಿ ಬೇರೆಯಾಗಿ ಬಿಡಿಸಿಯೂ ನೋಡಿದ್ದೇನೆ.

ಎಸ್‌ಎಟಿ ಶುರುವಾದದ್ದು 1926ರಲ್ಲಿ. ಪೆನ್ಸಿಲ್ಲಿನಲ್ಲಿ ಉತ್ತರದ ವೃತ್ತ ತುಂಬುವ ಆ ಪರೀಕ್ಷೆ ಅಮೆರಿಕದ ಹೊರಗೆ 2023ರ ಮಾರ್ಚಿನಲ್ಲಿ, ಒಳಗೆ 2024ರ ಮಾರ್ಚಿನಲ್ಲಿ ಪೂರ್ತಿ ಕಂಪ್ಯೂಟರಿಗೆ ಬಂತು. ನಿಜವಾದ ಪರೀಕ್ಷೆಯೂ ಬ್ಲೂಬುಕ್‌ನಲ್ಲೇ ನಡೆಯುತ್ತದೆ. ಈ ಆ್ಯಪ್‌ನ ದೊಡ್ಡ ಗುಣ ಅದೇ: ಮನೆಯಲ್ಲಿ ಅಭ್ಯಾಸಕ್ಕೆ ತೆರೆಯುವ ಪರದೆ, ಪರೀಕ್ಷೆಯ ಶನಿವಾರ ಬೆಳಿಗ್ಗೆ ಮುಂದೆ ಬರುವ ಪರದೆ, ಎರಡೂ ಒಂದೇ. ವಿಂಡೋಸ್, ಮ್ಯಾಕ್, ಐಪ್ಯಾಡ್‌ಗಳಲ್ಲಿ ನಡೆಯುತ್ತದೆ. ಕ್ರೋಮ್‌ಬುಕ್ ಆದರೆ ಶಾಲೆಯವರು ಕೊಟ್ಟದ್ದಾಗಿರಬೇಕು. ಫೋನಿನಲ್ಲಿ ಆಗುವುದಿಲ್ಲ, ಆಗದಿರುವುದೇ ಸರಿ. ಗಡಿಯಾರವನ್ನು ಮರೆಮಾಡುವ ಸೌಲಭ್ಯವಿದೆ, ಕೊನೆಯ 5 ನಿಮಿಷ ಉಳಿದಾಗ ತಾನೇ ಕಾಣಿಸಿಕೊಳ್ಳುತ್ತದೆ. ಅನುಮಾನವಿರುವ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಬಹುದು, ಖಂಡಿತ ಅಲ್ಲ ಅನ್ನಿಸಿದ ಆಯ್ಕೆಯನ್ನು ಹೊಡೆದುಹಾಕಬಹುದು. ನನ್ನ ಮಕ್ಕಳಿಗೆ, ಅಂದರೆ ಶಾಲೆಯ ಮಕ್ಕಳಿಗೆ, "ಗೊತ್ತಿಲ್ಲದ್ದನ್ನ ಬಿಟ್ಟು ಮುಂದೆ ಹೋಗ್ರೋ, ಆಮೇಲೆ ಬನ್ನಿ" ಅಂತ ಪ್ರತಿ ಮಾರ್ಚಿನಲ್ಲೂ ಹೇಳುತ್ತಿದ್ದೆ. ಇಲ್ಲಿ ಆ ಮಾತಿಗೇ ಒಂದು ಗುಂಡಿ ಇಟ್ಟಿದ್ದಾರೆ.

ಪರೀಕ್ಷೆ ಒಟ್ಟು 2 ಗಂಟೆ 14 ನಿಮಿಷ, ನಡುವೆ 10 ನಿಮಿಷ ಬಿಡುವು. ಓದು ಮತ್ತು ಬರಹದ ಭಾಗದಲ್ಲಿ 54 ಪ್ರಶ್ನೆ, ಗಣಿತದಲ್ಲಿ 44. ಪ್ರತಿ ಭಾಗವನ್ನೂ ಎರಡು ಮಾಡ್ಯೂಲ್, ಅಂದರೆ ಎರಡು ಕಂತು ಮಾಡಿದ್ದಾರೆ. ಮೊದಲ ಮಾಡ್ಯೂಲ್ ಹೇಗೆ ಮಾಡಿದಿರಿ ಎನ್ನುವುದರ ಮೇಲೆ ಎರಡನೆಯದು ಕಷ್ಟದ್ದೋ ಸುಲಭದ್ದೋ ಬರುತ್ತದೆ. ಮುಗಿದ ಮಾಡ್ಯೂಲಿಗೆ ಹಿಂದಕ್ಕೆ ಹೋಗುವಂತಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ಗೆ ಓದಿದ ಅಣ್ಣ ಅಕ್ಕಂದಿರು ಮನೆಯಲ್ಲಿದ್ದರೆ ಈ ವ್ಯತ್ಯಾಸವನ್ನು ಮಗುವಿಗೆ ಬಿಡಿಸಿ ಹೇಳಿ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸಮಯದ ಲೆಕ್ಕ ನೋಡಿ: ಓದಿನ ಭಾಗದಲ್ಲಿ ಒಂದು ಪ್ರಶ್ನೆಗೆ ಸುಮಾರು 71 ಸೆಕೆಂಡು, ಗಣಿತದಲ್ಲಿ ಸುಮಾರು 95. ನಮ್ಮ ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ಹಾಗಾಗಿ ಎಸ್‌ಎಟಿ ಗಣಿತದಲ್ಲಿ ಕೈ ಓಡಿಸುವ ಧಾವಂತ ಕಡಿಮೆ. ಯೋಚನೆ ಮಾಡಲು ಬಿಡುವಿದೆ, ಬಿಡುವು ಕೊಟ್ಟದ್ದು ಯೋಚನೆ ಮಾಡಲೆಂದೇ.

ಗಣಿತದ 44 ಪ್ರಶ್ನೆಗಳಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ರೇಖಾತ್ಮಕ ಸಮೀಕರಣ, ಅಸಮಾನತೆಗಳದ್ದು. ಅಷ್ಟೇ ಪಾಲು ವರ್ಗ ಸಮೀಕರಣ, ಬಹುಪದೋಕ್ತಿ, ಘಾತೀಯ ಸಂಬಂಧಗಳದ್ದು. ಉಳಿದದ್ದು ಶೇಕಡಾ, ಅನುಪಾತ, ಅಂಕಿಅಂಶ, ರೇಖಾಗಣಿತ, ತ್ರಿಕೋನಮಿತಿ. ಒಂಬತ್ತನೇ ತರಗತಿಯ ಮಗುವಿಗೆ ಬೇಗ ಬರೆಸಬೇಕೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಹಂಚಿಕೆಯಲ್ಲೇ ಇದೆ. ನಮ್ಮ ಕಡೆಯ ಅಜ್ಜ ಅಜ್ಜಿಯರು, ಅಪ್ಪ ಅಮ್ಮಂದಿರು ಇದನ್ನು ಗಮನಿಸುವುದಿಲ್ಲ. ನಾವು ಓದಿದ, ಓದಿಸಿದ ಪುಸ್ತಕದಲ್ಲಿ ಎಲ್ಲವೂ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ವರ್ಗ ಸಮೀಕರಣ, ತ್ರಿಕೋನಮಿತಿ ಎರಡೂ ಆಗಿರುತ್ತವೆ. ಅಮೆರಿಕದ ಬಹುಪಾಲು ಹೈಸ್ಕೂಲುಗಳಲ್ಲಿ ಒಂದು ವರ್ಷ ಆಲ್ಜೀಬ್ರಾ 1, ಇನ್ನೊಂದು ವರ್ಷ ಜಿಯಾಮೆಟ್ರಿ, ಮತ್ತೊಂದು ವರ್ಷ ಆಲ್ಜೀಬ್ರಾ 2. ಮೊಮ್ಮಗಳು ಆಗ ಜಿಯಾಮೆಟ್ರಿಯಲ್ಲಿದ್ದಳು. ಎಸ್‌ಎಟಿ ಕೇಳುವ ಎಷ್ಟೋ ವಿಷಯ ಆಲ್ಜೀಬ್ರಾ 2ರ ಪುಸ್ತಕದಲ್ಲಿ ಅವಳಿಗಾಗಿ ಇನ್ನೂ ಕಾಯುತ್ತಿತ್ತು.

ಒಂದು ವೃತ್ತದ ಸಮೀಕರಣ ಬರುತ್ತದೆ ಅಂದುಕೊಳ್ಳಿ: ಎಕ್ಸ್² + ವೈ² − 6ಎಕ್ಸ್ + 8ವೈ = 0, ತ್ರಿಜ್ಯ ಎಷ್ಟು? ವರ್ಗ ಪೂರ್ಣಗೊಳಿಸುವುದು ಗೊತ್ತಿದ್ದರೆ ಎರಡೂ ಕಡೆ 9 ಮತ್ತು 16 ಸೇರಿಸಿದ ಕೂಡಲೇ ಬಲಗಡೆ 25 ನಿಲ್ಲುತ್ತದೆ, ತ್ರಿಜ್ಯ 5. ಗೊತ್ತಿಲ್ಲದಿದ್ದರೆ ಅರ್ಧ ಗಂಟೆ ಕೊಟ್ಟರೂ ದಾರಿ ಕಾಣುವುದಿಲ್ಲ. ಈ ಜಾತಿಯ ಪ್ರಶ್ನೆ ಬಂದಾಗ ಮೊಮ್ಮಗಳು ನನ್ನ ಕಡೆ ತಿರುಗಿ "ಅಜ್ಜೀ, ಇದನ್ನ ನಮ್ಗಿನ್ನೂ ಹೇಳ್ಕೊಟ್ಟೇ ಇಲ್ಲ" ಅಂದಳು. ಆ ಮಾತು ನೂರಕ್ಕೆ ನೂರು ನಿಜ. ಹೇಳಿಕೊಡದ್ದನ್ನು ಕೇಳಿ ಅಂಕ ಕಡಿಮೆ ಬಂತೆಂದು ಮಗುವಿನ ಬುದ್ಧಿಗೆ ಬೆಲೆ ಕಟ್ಟುವುದು ಅನ್ಯಾಯ. ಮನೆಯಲ್ಲಿ ಬರೆಸಿದರೆ ಆ ಪ್ರಶ್ನೆಗೆ ಒಂದು ಅಡ್ಡಗೆರೆ ಎಳೆದು "ಇದು ಮುಂದಿನ ವರ್ಷದ್ದು ಕಣಮ್ಮ" ಎಂದು ಮುಂದೆ ಹೋಗಬಹುದು. ಪರೀಕ್ಷಾ ಕೇಂದ್ರದಲ್ಲಿ ಅದು ಅವಳ ಹೆಸರಿನ ಮುಂದೆ ಅಂಕವಾಗಿ ಕೂರುತ್ತದೆ.

ಆ್ಯಪ್‌ನೊಳಗೇ ಡೆಸ್ಮೋಸ್ ಎಂಬ ನಕ್ಷೆ ಬಿಡಿಸುವ ಕ್ಯಾಲ್ಕುಲೇಟರ್ ಇದೆ, ಗಣಿತದ ಎಲ್ಲ ಪ್ರಶ್ನೆಗಳಿಗೂ ಬಳಸಬಹುದು. ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು, ಏಕೆಂದರೆ ಬೇಗ ಶುರು ಮಾಡುವ ಮಕ್ಕಳಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇದೇ. ಒಂದು ಉದಾಹರಣೆ ನಾನೇ ಮಾಡಿಕೊಟ್ಟೆ: ವೈ = ಎಕ್ಸ್² − 4ಎಕ್ಸ್ + 7 ಎಂಬ ಪರವಲಯ, ವೈ = 2ಎಕ್ಸ್ − 2 ಎಂಬ ಸರಳರೇಖೆ, ಎರಡೂ ಎಷ್ಟು ಕಡೆ ಸೇರುತ್ತವೆ? ಅವಳು ಎರಡನ್ನೂ ಡೆಸ್ಮೋಸಿಗೆ ಹಾಕಿದಳು. ರೇಖೆ ಪರವಲಯವನ್ನು (3, 4)ರಲ್ಲಿ ಒಂದೇ ಒಂದು ಕಡೆ ಮುಟ್ಟಿಕೊಂಡು ಹೋಯಿತು. "ಒಂದೇ ಉತ್ತರ" ಅಂದಳು. ಯಾಕೆ ಒಂದೇ ಎಂದು ಕೇಳಿದೆ. ಹಾಳೆಯಲ್ಲಿ ಎರಡನ್ನೂ ಸಮ ಮಾಡಿ ಬರೆದಾಗ ಎಕ್ಸ್² − 6ಎಕ್ಸ್ + 9 = 0 ಬಂತು, ಅದು (ಎಕ್ಸ್ − 3)ರ ವರ್ಗ, ಶೋಧಕ (ಮೂಲಗಳು ಹೇಗಿವೆ ಎಂದು ಹೇಳುವ ಬಿ² − 4ಎಸಿ) ಸೊನ್ನೆ. ನಾನು ಕಪ್ಪು ಹಲಗೆಯ ಮೇಲೆ ವರ್ಷಗಟ್ಟಲೆ ಬಾಯಲ್ಲಿ ಹೇಳಿದ ಮಾತು, "ಶೋಧಕ ಸೊನ್ನೆಯಾದರೆ ಮೂಲಗಳು ಸಮ", ಅವಳ ಕಣ್ಣೆದುರು ಚಿತ್ರವಾಗಿ ನಿಂತಿತು. ಕ್ಯಾಲ್ಕುಲೇಟರ್ ಕೊಟ್ಟರೆ ಮಕ್ಕಳು ಲೆಕ್ಕ ಮರೆಯುತ್ತಾರೆ ಎನ್ನುವ ನನ್ನ ಸಹೋದ್ಯೋಗಿಗಳಿಗೆ ನಾನು ಹೇಳುವುದಿಷ್ಟೇ: ಮೊದಲು ಚಿತ್ರ ನೋಡಲಿ, ಆಮೇಲೆ ಹಾಳೆಯಲ್ಲಿ ಯಾಕೆ ಎಂದು ತೋರಿಸಲಿ. ಎರಡನೆಯದನ್ನು ಬಿಟ್ಟರೆ ಮಾತ್ರ ನಷ್ಟ. ಆ್ಯಪ್ ಆ ಎರಡನೆಯದನ್ನು ಮಾಡಿಸುವುದಿಲ್ಲ, ಪಕ್ಕದಲ್ಲಿ ಯಾರಾದರೂ ಕೂತು ಮಾಡಿಸಬೇಕು.

ಓದಿನ ಭಾಗದ ಬಗ್ಗೆ ನನ್ನ ಅಧಿಕಾರ ಕಡಿಮೆ, ಚಿಕ್ಕದಾಗಿ ಹೇಳುತ್ತೇನೆ. 25ರಿಂದ 150 ಪದಗಳ ಪುಟ್ಟ ಪುಟ್ಟ ಗದ್ಯ, ಕೆಲವೊಮ್ಮೆ ಕವಿತೆಯ ಸಾಲು, ಒಂದೊಂದಕ್ಕೂ ಒಂದೇ ಪ್ರಶ್ನೆ. ಅಲ್ಪವಿರಾಮ, ಅರ್ಧವಿರಾಮ ಎಲ್ಲಿ ಬೀಳಬೇಕು ಎನ್ನುವುದರಿಂದ ಹಿಡಿದು ಇಬ್ಬರು ಬರಹಗಾರರ ಅಭಿಪ್ರಾಯ ಹೋಲಿಸುವವರೆಗೆ ಎಲ್ಲವೂ ಇದೆ. ಇದಕ್ಕೆ ತರಗತಿಯ ಪಾಠದ ಗೋಡೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಪುಸ್ತಕ ಓದುವ ಹುಡುಗಿಯಾದ್ದರಿಂದ ಮೊಮ್ಮಗಳು ಇಲ್ಲಿ ಚೆನ್ನಾಗಿಯೇ ಮಾಡಿದಳು. ಬೇಗ ಶುರು ಮಾಡಬೇಕೆಂಬ ಆಸೆ ಇರುವವರು ಎಸ್‌ಎಟಿ ಗೈಡು ಕೊಳ್ಳುವ ದುಡ್ಡಿಗೆ ಮಗುವನ್ನು ಲೈಬ್ರರಿಗೆ ಕರೆದುಕೊಂಡು ಹೋದರೆ ಸಾಕು, ಅಲ್ಲಿ ದುಡ್ಡೂ ಬೇಡ.

ಈಗ ಫಲಿತಾಂಶದ ಪುಟ. ಪರೀಕ್ಷೆ ಮುಗಿದ ಮೇಲೆ ಕಾಲೇಜ್ ಬೋರ್ಡಿನ ತಾಣದಲ್ಲಿ ಅಂಕ ಕಾಣಿಸುತ್ತದೆ, 400ರಿಂದ 1600ರ ನಡುವೆ. ಅದರ ಕೆಳಗೆ ಒಂದೊಂದು ಪ್ರಶ್ನೆ, ಮಗು ಕೊಟ್ಟ ಉತ್ತರ, ಸರಿಯುತ್ತರ, ವಿವರಣೆ, ಅದು ಯಾವ ವಿಷಯಕ್ಕೆ ಸೇರಿದ್ದು ಎಂಬ ಮಾಹಿತಿ. ಮೇಷ್ಟ್ರುಗಳಿಗೆ ಇದು ಚಿನ್ನ. ನಾವು ತಪ್ಪುಗಳನ್ನು ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ ಬರೆದೆವು: ಪಾಠ ಆಗಿದ್ದೂ ತಪ್ಪಿದ್ದು, ಪಾಠವೇ ಆಗದೆ ತಪ್ಪಿದ್ದು. ಎರಡನೇ ಸಾಲನ್ನು ಮಡಿಸಿಟ್ಟೆವು. ಮೊದಲ ಸಾಲಿನಲ್ಲಿ ಒಂದು ಸಂಗತಿ ಎದ್ದು ಕಂಡಿತು. ಶೇಕಡಾ ಹೆಚ್ಚಳದ ಮೇಲೆ ಶೇಕಡಾ ಇಳಿಕೆ ಬಂದರೆ ಅವಳು ಎರಡನ್ನೂ ಕೂಡಿ ಕಳೆದುಬಿಡುತ್ತಿದ್ದಳು. 100ಕ್ಕೆ ಶೇ 20 ಏರಿ 120 ಆಗಿ, ಅದರ ಮೇಲೆ ಶೇ 20 ಇಳಿದರೆ 96, ಮತ್ತೆ 100 ಅಲ್ಲ. ಶಾಲೆಯ ಪರೀಕ್ಷೆಗಳಲ್ಲಿ ಒಳ್ಳೆಯ ಗ್ರೇಡ್ ಬರುತ್ತಿದ್ದ ಹುಡುಗಿಯಲ್ಲಿ ಈ ಬಿರುಕು ಯಾರಿಗೂ ಕಂಡಿರಲಿಲ್ಲ. ಅದನ್ನು ಈ ಪುಟ ಹದಿನಾಲ್ಕನೇ ವಯಸ್ಸಿಗೇ ತೋರಿಸಿಕೊಟ್ಟಿತು, ಬೇಗ ಬರೆಸಿದ್ದಕ್ಕೆ ಇದಕ್ಕಿಂತ ಹೆಚ್ಚಿನ ಲಾಭ ನನಗೆ ಬೇಕಿಲ್ಲ.

ಚಿಕ್ಕ ಮಕ್ಕಳಿಗೆ ಈ ಪರೀಕ್ಷೆ ಕೊಡುವುದು ಹೊಸ ಹುಚ್ಚೇನಲ್ಲ, ಅದಕ್ಕೊಂದು ಗೌರವದ ಚರಿತ್ರೆಯೂ ಇದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿ 1969ರಲ್ಲಿ ಜೋಸೆಫ್ ಬೇಟ್ಸ್ ಎಂಬ 13 ವರ್ಷದ ಹುಡುಗನಿಗೆ ಎಸ್‌ಎಟಿ ಬರೆಸಿದರು. ಹುಡುಗ ಎಷ್ಟು ಚೆನ್ನಾಗಿ ಮಾಡಿದನೆಂದರೆ ಅದೇ ವಯಸ್ಸಿಗೆ ಆ ವಿಶ್ವವಿದ್ಯಾಲಯವನ್ನೇ ಸೇರಿದ. 1971ರಲ್ಲಿ ಸ್ಟ್ಯಾನ್ಲಿ ಗಣಿತದಲ್ಲಿ ಅಸಾಧಾರಣ ಮಕ್ಕಳ ದೀರ್ಘ ಅಧ್ಯಯನವೊಂದನ್ನು ಆರಂಭಿಸಿದರು, 1979ರಲ್ಲಿ ಅಲ್ಲಿ ಪ್ರತಿಭಾವಂತ ಮಕ್ಕಳ ಕೇಂದ್ರವೂ ಹುಟ್ಟಿತು. ಅವರ ಯೋಚನೆ ಸರಳ. ತರಗತಿಯ ಪರೀಕ್ಷೆಯಲ್ಲಿ ಹತ್ತು ಮಕ್ಕಳು ನೂರಕ್ಕೆ ನೂರು ತೆಗೆದರೆ ಅವರ ನಡುವಿನ ಅಂತರ ಗೊತ್ತಾಗುವುದಿಲ್ಲ. ಅಳತೆಗೋಲೇ ಮಗುವಿಗಿಂತ ಗಿಡ್ಡವಾಗಿದ್ದರೆ ಎತ್ತರ ಹೇಗೆ ತಿಳಿದೀತು? ಹಾಗಾಗಿ ದೊಡ್ಡವರ ಪರೀಕ್ಷೆ ಕೊಟ್ಟರು. ನಿಮ್ಮ ಮಗು ತರಗತಿಯ ಗಣಿತವನ್ನು ನೀರು ಕುಡಿದಂತೆ ಮುಗಿಸಿ ಮೇಲಿನ ಪುಸ್ತಕ ತಾನೇ ತೆಗೆದು ಓದುತ್ತಿದ್ದರೆ, ಅಂಥ ಮಕ್ಕಳ ಬೇಸಿಗೆ ಶಿಬಿರಕ್ಕೆ ಅಂಕ ಬೇಕಾಗಿದ್ದರೆ, ಒಂಬತ್ತಕ್ಕಲ್ಲ ಏಳಕ್ಕೇ ನಿಜವಾದ ಪರೀಕ್ಷೆ ಬರೆಸಿ. ಅಂಥ ಮಗುವಿಗೆ ಮೇಲಿನ ಮಾತುಗಳು ಅನ್ವಯಿಸುವುದಿಲ್ಲ.

ಉಳಿದ ಮಕ್ಕಳಿಗೆ ಕೇಂದ್ರಕ್ಕೆ ಹೋಗಿ ಬರೆಯುವುದರಲ್ಲಿ ಏನು ಸಿಗುತ್ತದೆ? 2024ರಲ್ಲಿ ಶುಲ್ಕ 68 ಡಾಲರ್. ಬಡ ಮನೆಯ ಮಕ್ಕಳಿಗೆ ಶುಲ್ಕ ಮಾಫಿ ಇದೆ, ಆದರೆ ಅದು 11 ಮತ್ತು 12ನೇ ತರಗತಿಯವರಿಗೆ ಮಾತ್ರ. ಯಾವ ಅಂಕ ಕಳಿಸಬೇಕೆಂದು ಆರಿಸಿಕೊಳ್ಳಲು ಕಾಲೇಜ್ ಬೋರ್ಡ್ ಬಿಡುತ್ತದೆ ನಿಜ, ಆದರೆ ಜಾರ್ಜ್‌ಟೌನ್‌ನಂಥ ವಿಶ್ವವಿದ್ಯಾಲಯ ಬರೆದ ಎಲ್ಲ ಅಂಕಗಳನ್ನೂ ಕೇಳುತ್ತದೆ. ಎಂಐಟಿ 2022ರಲ್ಲಿ, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಅಂಕ ಮತ್ತೆ ಕಡ್ಡಾಯವೆಂದು ಹೇಳಿದ ಮೇಲೆ ಮನೆಗಳಲ್ಲಿ ಗಾಬರಿ ಹೆಚ್ಚಾಗಿದೆ. ಆದರೂ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯ ಯುಸಿ ಪ್ರವೇಶಕ್ಕೆ ಈ ಅಂಕ ನೋಡುವುದೇ ಇಲ್ಲ. ಅಂಕ ಕೇಳುವ ಕಡೆಯೂ ಹನ್ನೊಂದರಲ್ಲಿ ತೆಗೆದ ಅಂಕವೇ ಸಾಕು.

ಒಂಬತ್ತನೇ ತರಗತಿಗೆಂದೇ ಮಾಡಿದ ಪರೀಕ್ಷೆ ಬೇರೆ ಇದೆ, ಪಿಎಸ್‌ಎಟಿ 8/9. ಶಾಲೆಯ ಮೂಲಕವೇ ಬರೆಯಬೇಕು, ಕಾಲೇಜುಗಳಿಗೆ ಈ ಅಂಕ ಹೋಗುವುದಿಲ್ಲ. ಅಂಕ 240ರಿಂದ 1440. ಮುಂದುವರಿದ ಬೀಜಗಣಿತದ ಪಾಲು ಕಡಿಮೆ, ತ್ರಿಕೋನಮಿತಿ ಇಲ್ಲ. ಅಳತೆ ಮಾತ್ರ ಎಸ್‌ಎಟಿಯದ್ದೇ: ಇಲ್ಲಿ 1000 ತೆಗೆದ ಮಗು ಅದೇ ದಿನ ಎಸ್‌ಎಟಿ ಬರೆದಿದ್ದರೂ ಸುಮಾರು ಅಷ್ಟೇ ಬರುತ್ತಿತ್ತು ಎಂದು ಅರ್ಥ. ಬ್ಲೂಬುಕ್‌ನಲ್ಲಿ ಇದರ ಪೂರ್ಣ ಅಭ್ಯಾಸ ಪರೀಕ್ಷೆಯೂ ಇದೆ. ಮೊದಲು ಇದನ್ನೇ ಕೊಡಿ. ನಿಮ್ಮ ಮಗುವಿನ ಶಾಲೆ ಇದನ್ನು ನಡೆಸುತ್ತದೆಯೇ ಎಂದು ಕೌನ್ಸೆಲರ್ ಹತ್ತಿರ ಕೇಳಿ.

ಒಂದು ಕೋಚಿಂಗ್ ಸೆಂಟರಿನವರು ಮಗಳಿಗೆ ಫೋನ್ ಮಾಡಿ ಎಂಟನೇ ತರಗತಿಯಿಂದಲೇ ಸೇರಿಸಿ, ಮೂರು ವರ್ಷದ ಪ್ಯಾಕೇಜಿದೆ ಎಂದರು. ಅವರು ಕೊಡುತ್ತೇವೆ ಎಂದ ಸೌಲಭ್ಯಗಳಲ್ಲಿ ಮುಖ್ಯವಾದದ್ದು ಅಭ್ಯಾಸ ಪರೀಕ್ಷೆ ಮತ್ತು ತಪ್ಪುಗಳ ವಿಶ್ಲೇಷಣೆ. ಎರಡೂ ಬ್ಲೂಬುಕ್‌ನಲ್ಲಿ ಪುಕ್ಕಟೆ ಇವೆ. ಪಾಠ ಬೇಕಾದರೆ 2015ರಿಂದ ಕಾಲೇಜ್ ಬೋರ್ಡಿನ ಜೊತೆ ಸೇರಿ ಖಾನ್ ಅಕಾಡೆಮಿ ನಡೆಸುತ್ತಿರುವ ಎಸ್‌ಎಟಿ ತಯಾರಿ ಇದೆ, ಅದೂ ಉಚಿತ. ಪ್ರತಿ ವಿಷಯವನ್ನೂ ಬುನಾದಿ, ಮಧ್ಯಮ, ಮೇಲ್ಮಟ್ಟ ಎಂದು ವಿಂಗಡಿಸಿದ್ದಾರೆ. ಒಂಬತ್ತನೇ ತರಗತಿಯವರು ಬುನಾದಿಯಲ್ಲೇ ನಿಧಾನವಾಗಿ ಇರಲಿ. ಖಾನ್ ಅಕಾಡೆಮಿಯಲ್ಲಿ ಗಣಿತದ ಪಾಠಗಳು ಕನ್ನಡದಲ್ಲೂ ಸಿಗುತ್ತವೆ ಎನ್ನುವುದು ನನ್ನಂಥ ಅಜ್ಜಿಯರಿಗೆ ಖುಷಿಯ ಸಂಗತಿ. ವರ್ಗ ಸಮೀಕರಣವನ್ನು ನಾನು ಕನ್ನಡದಲ್ಲಿ ಕೇಳಿ, ಅವಳು ಇಂಗ್ಲಿಷಿನಲ್ಲಿ ಕೇಳಿ, ಆಮೇಲೆ ಇಬ್ಬರೂ ಒಂದೇ ಹಾಳೆಯಲ್ಲಿ ಬಿಡಿಸಿದೆವು.

ಕೊರತೆಗಳನ್ನೂ ಹೇಳಬೇಕು. ಬ್ಲೂಬುಕ್‌ನಲ್ಲಿರುವ ಪೂರ್ಣ ಎಸ್‌ಎಟಿ ಅಭ್ಯಾಸ ಪರೀಕ್ಷೆಗಳು ಬೆರಳೆಣಿಕೆಯಷ್ಟು. ಒಂಬತ್ತರಲ್ಲೇ ಒಂದಾದ ಮೇಲೊಂದು ಮುಗಿಸಿಬಿಟ್ಟರೆ ಹನ್ನೊಂದರಲ್ಲಿ, ನಿಜವಾಗಿ ಬೇಕಾದಾಗ, ನೋಡದ ಪ್ರಶ್ನೆ ಉಳಿಯುವುದಿಲ್ಲ. ನಾವು ಒಂದು ಪಿಎಸ್‌ಎಟಿ 8/9, ಒಂದು ಎಸ್‌ಎಟಿ ಮಾತ್ರ ತೆರೆದು ಉಳಿದದ್ದನ್ನು ಮುಟ್ಟಲಿಲ್ಲ. ಇನ್ನಷ್ಟು ಪ್ರಶ್ನೆ ಬೇಕೆಂದಾಗ ಕಾಲೇಜ್ ಬೋರ್ಡಿನದೇ ಪ್ರಶ್ನೆ ಬ್ಯಾಂಕಿನಿಂದ ವಿಷಯ, ಕಷ್ಟದ ಮಟ್ಟ ಆರಿಸಿ ತೆಗೆದುಕೊಂಡೆವು, ಚಿಲ್ಲರೆ ಅಭ್ಯಾಸಕ್ಕೆ ಅದು ಸಾಕು. ವಿವರಣೆಗಳು ಸರಿಯಾಗಿವೆ, ಆದರೆ ಒಣಗಿವೆ. ಈ ಉತ್ತರ ಯಾಕೆ ಸರಿ ಎಂದು ಹೇಳುತ್ತವೆ. ಮಗು ಯಾವ ತಿರುವಿನಲ್ಲಿ ದಾರಿ ತಪ್ಪಿತು ಎಂದು ಹೇಳುವ ಶಕ್ತಿ ಅವಕ್ಕಿಲ್ಲ. ಮೊದಲ ಮಾಡ್ಯೂಲಿನಲ್ಲಿ ಪಾಠವಾಗದ ಪ್ರಶ್ನೆಗಳು ಬಂದು ತಪ್ಪಿದರೆ ಎರಡನೆಯದು ಸುಲಭದ್ದು ಬರುತ್ತದೆ, ಆಗ ಮಗುವಿಗೆ ಗೊತ್ತಿದ್ದ ಕಷ್ಟದ ವಿಷಯಗಳೂ ಪರೀಕ್ಷೆಗೆ ಬರದೇ ಹೋಗಬಹುದು. ಒಂಬತ್ತರವರಿಗೆ ಇದು ದೊಡ್ಡ ತೊಡಕು. ಇದಕ್ಕೆ ಪರಿಹಾರವೂ ಅಲ್ಲೇ ಇದೆ: ಅದೇ ತಾಣದಲ್ಲಿ ಕಾಗದದ ಮೇಲೆ ಬರೆಯುವ ಅಭ್ಯಾಸ ಪರೀಕ್ಷೆಗಳನ್ನು ಇಳಿಸಿಕೊಳ್ಳಬಹುದು, ಅವು ಮಗುವಿನ ಉತ್ತರ ನೋಡಿ ಬದಲಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ಬೇಸರ ತಂದದ್ದು ಫಲಿತಾಂಶದ ಪುಟದ ಕ್ರಮ. ತೆರೆದ ಕೂಡಲೇ ಒಟ್ಟು ಅಂಕ ದೊಡ್ಡ ಅಕ್ಷರದಲ್ಲಿ ಬಂದು ನಿಲ್ಲುತ್ತದೆ, ವಿಷಯವಾರು ವಿವರ ಅದರ ಕೆಳಗೆ. ಹದಿನಾಲ್ಕರ ಹುಡುಗಿ ಆ ಅಂಕೆಯನ್ನೇ ನೋಡುತ್ತಾಳೆ, ಕೆಳಗೆ ಇಳಿಯುವ ಮನಸ್ಸು ಬರಲು ಹೊತ್ತು ಹಿಡಿಯುತ್ತದೆ. ಕಾಲೇಜ್ ಬೋರ್ಡಿಗೆ ನನ್ನದೊಂದು ಬೇಡಿಕೆ: ಹತ್ತನೇ ತರಗತಿ ಮತ್ತು ಅದಕ್ಕಿಂತ ಕೆಳಗಿನವರು ಅಭ್ಯಾಸ ಪರೀಕ್ಷೆ ಬರೆದರೆ ಮೊದಲು ವಿಷಯವಾರು ಪುಟ ತೋರಿಸಿ, ಒಟ್ಟು ಅಂಕ ಬೇಕೆಂದವರಿಗೆ ಮಾತ್ರ ಕಾಣುವ ಹಾಗೆ ಮಾಡಿ. ಶುರುವಿನಲ್ಲೇ "ಯಾವ ಗಣಿತ ಕೋರ್ಸ್ ಮುಗಿಸಿದ್ದೀರಿ?" ಎಂದು ಕೇಳಿ, ಮುಗಿಸದ ಕೋರ್ಸಿನ ಪ್ರಶ್ನೆಗಳನ್ನು ಫಲಿತಾಂಶದಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ. ಅಲ್ಲಿಯವರೆಗೆ ಆ ಪುಟವನ್ನು ಮನೆಯ ದೊಡ್ಡವರೊಬ್ಬರು ಮೊದಲು ತೆರೆದು, ಎರಡು ಸಾಲಿನ ಹಾಳೆ ಸಿದ್ಧ ಮಾಡಿ, ಆಮೇಲೆ ಮಗುವನ್ನು ಕರೆಯಿರಿ.